ರಾತ್ರಿ ಹತ್ತರ ಮೇಲಿನ ಓದು

‘ಮೇಷ್ಟ್ರೇ, ನಮ್ಮನೇಲಿ ದಿನಾ ರಾತ್ರಿ ಹತ್ತೂವರೆಗೆ ಸರಿಯಾಗಿ ಜಗಳ ಶುರುವಾಗುತ್ತೆ. ಒಂದ್ಸಲ ಬಂದು ನ್ಯಾಯ ಹೇಳಿ’ ಎಂದರು ನಮ್ಮ ಬೀದಿಯ ಕೊನೆಯ ಮನೆಯಾಕೆ, ಹಾಲಿನ ಬೂತಿನ ಹತ್ತಿರ ಸಿಕ್ಕಾಗ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನಿಗೆ ನ್ಯಾಯ ಹೇಳುವ ಯೋಗ್ಯತೆ ಎಲ್ಲಿಂದ ಬರಬೇಕು? ಆದರೂ ನಿವೃತ್ತನಾದವನಿಗೆ ಇಂಥ ಕರೆ ಬಂದರೆ ಒಳಗೊಳಗೇ ಸಂತೋಷ. ಸಂಜೆ ಹೋದೆ.

ಮನೆಯಲ್ಲಿರುವುದು ಎರಡೇ ಕೋಣೆ. ದ್ವಿತೀಯ ಪಿಯುಸಿ ಓದುವ ಮಗಳು ಅಜ್ಜಿಯ ಕೋಣೆಯಲ್ಲಿ ಮಲಗುತ್ತಾಳೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅಜ್ಜಿಗೆ ಟ್ಯೂಬ್‌ಲೈಟಿನ ಬೆಳಕು ಚುಚ್ಚುತ್ತದೆಯಂತೆ; ಒಂಬತ್ತೂವರೆಗೆ ದೀಪ ಆರಲೇಬೇಕು. ಹುಡುಗಿಗೆ ಮಲಗುವ ಮುಂಚೆ ಕತೆ ಕಾದಂಬರಿ ಓದುವ ಅಭ್ಯಾಸ ಚಿಕ್ಕಂದಿನಿಂದ ಬಂದದ್ದು. ದೀಪವಿಲ್ಲವಲ್ಲ, ಹೊದಿಕೆಯೊಳಗೆ ಮೊಬೈಲ್ ಹಿಡಿದು ಓದುತ್ತಾಳೆ. ನೀರು ಕುಡಿಯಲು ಎದ್ದ ಅಪ್ಪನಿಗೆ ಹೊದಿಕೆಯ ಸಂದಿನಿಂದ ಬೆಳಕು ಕಾಣುತ್ತದೆ. ‘ರೀಲ್ಸ್ ನೋಡ್ತಿದ್ದೀಯಾ?’ ‘ಪುಸ್ತಕ ಓದ್ತಿದ್ದೀನಿ ಅಪ್ಪಾ.’ ‘ಸಿಇಟಿಗೆ ಬರೋ ಪುಸ್ತಕವೋ?’ ಅಲ್ಲಿಂದ ಮುಂದೆ ಬೀದಿಯವರಿಗೂ ಕೇಳಿಸುವಷ್ಟು.

ಅಪ್ಪ ಅಂಗಡಿಗೆ ಹೋದ ಮೇಲೆ ಹುಡುಗಿ ನನ್ನೆದುರು ನಿಜ ಒಪ್ಪಿಕೊಂಡಳು. ‘ಪುಸ್ತಕ ಅಂತಲೇ ತೆಗೀತೀನಿ ಸರ್. ಎರಡು ಪುಟ ಆಗೋಷ್ಟರಲ್ಲಿ ಯಾರದೋ ಮೆಸೇಜು ಬರುತ್ತೆ. ಆಮೇಲೆ ಗಡಿಯಾರ ನೋಡಿದರೆ ಹನ್ನೆರಡು.’ ಗೆಳತಿಯೊಬ್ಬಳ ಮನೆಯಲ್ಲಿ ಇ-ರೀಡರ್ ನೋಡಿದ್ದಾಳೆ. ಅದೊಂದು ಇದ್ದರೆ ಮೊಬೈಲು ಹೊರಗಿಟ್ಟೇ ಮಲಗುತ್ತೇನೆ ಎಂಬುದು ಅವಳ ವಾದ. ‘ಇಷ್ಟು ದುಡ್ಡು ಹಾಕಿ ಇನ್ನೊಂದು ಮೊಬೈಲು ತರಬೇಕಾ?’ ಎಂಬುದು ತಾಯಿಯ ಅನುಮಾನ.

ಇದು ಆ ಒಂದು ಮನೆಯ ಪ್ರಶ್ನೆಯಲ್ಲ. ಈಗ ಹತ್ತನೆಯ ತರಗತಿ ದಾಟಿದ ಮಕ್ಕಳಿರುವ ಬಹಳಷ್ಟು ಮನೆಗಳ ಪ್ರಶ್ನೆ. ಆದ್ದರಿಂದ ಅವರಿಗೆ ಹೇಳಿದ್ದನ್ನೇ ತುಸು ವಿವರವಾಗಿ ಇಲ್ಲಿ ಬರೆಯುತ್ತೇನೆ.

ಮಸಿಯ ಗುಟ್ಟು

ಮೊದಲು ತಾಯಿಯ ಅನುಮಾನ. ಇ-ರೀಡರ್ ಇನ್ನೊಂದು ಮೊಬೈಲೇ? ನೋಡಲು ಹಾಗೆ ಕಂಡರೂ ಒಳಗಿನ ಕೆಲಸ ಬೇರೆ. ಮೊಬೈಲಿನ ತೆರೆ ತಾನೇ ಬೆಳಗುವ ವಸ್ತು. ಉರಿಯುತ್ತಿದ್ದರಷ್ಟೇ ಅಲ್ಲಿ ಅಕ್ಷರ ಇರುತ್ತದೆ. ಇ-ರೀಡರಿನ ತೆರೆಯಲ್ಲಿ ತಲೆಗೂದಲಿನ ದಪ್ಪದಷ್ಟು ಚಿಕ್ಕದಾದ ಅಸಂಖ್ಯಾತ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ತಿಳಿಯಾದ ದ್ರವ. ಅದರಲ್ಲಿ ತೇಲುವ ಬಿಳಿ ಮತ್ತು ಕಪ್ಪು ಕಣಗಳು. ಒಂದು ಬಣ್ಣದವಕ್ಕೆ ಧನ ವಿದ್ಯುದಂಶ, ಇನ್ನೊಂದು ಬಣ್ಣದವಕ್ಕೆ ಋಣ ವಿದ್ಯುದಂಶ. ಕೆಳಗಿನಿಂದ ವಿದ್ಯುತ್ ಕ್ಷೇತ್ರ ಬದಲಾಯಿಸಿದರೆ ಒಂದು ಬಣ್ಣದವು ಮೇಲೇಳುತ್ತವೆ, ಇನ್ನೊಂದು ಬಣ್ಣದವು ಕೆಳಗಿಳಿಯುತ್ತವೆ. ಸಜಾತಿ ವಿಕರ್ಷಣೆ, ವಿಜಾತಿ ಆಕರ್ಷಣೆ ಎಂದು ಹೈಸ್ಕೂಲಿನಲ್ಲಿ ಉರುಹೊಡೆದ ಪಾಠವೇ ಇಲ್ಲಿ ಅಕ್ಷರ ಬರೆಯುತ್ತಿದೆ!

ಒಮ್ಮೆ ಮೇಲೆದ್ದ ಕಣಗಳು ಅಲ್ಲೇ ನಿಲ್ಲುತ್ತವೆ. ಪುಟ ತಿರುವಿದಾಗ ಬಿಟ್ಟರೆ ಅಕ್ಷರ ಉಳಿಸಿಕೊಳ್ಳಲು ವಿದ್ಯುತ್ತು ಬೇಡ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದು ಇದರಿಂದಲೇ. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬಿನಲ್ಲಿ ಜೋಸೆಫ್ ಜೇಕಬ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಬೆಳೆಸಿದ ಈ ವಿದ್ಯೆಯನ್ನು ಮಾರುಕಟ್ಟೆಗೆ ತರಲು ‘ಇ ಇಂಕ್’ ಎಂಬ ಕಂಪನಿ 1997ರಲ್ಲಿ ಹುಟ್ಟಿತು. 2004ರಲ್ಲಿ ಸೋನಿಯವರು ಜಪಾನಿನಲ್ಲಿ ಇದನ್ನು ಬಳಸಿದ ‘ಲಿಬ್ರಿಯೆ’ ತಂದರು. 2007ರ ನವೆಂಬರಿನಲ್ಲಿ ಅಮೆಜಾನಿನ ಕಿಂಡಲ್ ಬಂದ ಮೇಲೆ ಜಗತ್ತಿಗೆಲ್ಲ ಇದರ ಪರಿಚಯವಾಯಿತು.

ಕಣಗಳು ಈಜಿ ಮೇಲೆ ಬರಬೇಕಾದ್ದರಿಂದ ಈ ತೆರೆ ನಿಧಾನ. ಪುಟ ತಿರುವಿದಾಗ ಕೆಲವೊಮ್ಮೆ ಒಂದು ಕ್ಷಣ ಕಪ್ಪಾಗಿ ಮಿಣುಕುತ್ತದೆ. ಸಿನಿಮಾ ನೋಡಲು, ಆಟ ಆಡಲು ಇದು ತಕ್ಕದ್ದಲ್ಲ. ತಾಯಿಯ ದೃಷ್ಟಿಯಿಂದ ಇದು ಕೊರತೆಯಲ್ಲ, ಗುಣ.

ಬೆಳಕು ಮತ್ತು ನಿದ್ದೆ

ಈ ಕೃತಕ ಕಾಗದಕ್ಕೆ ಸ್ವಂತ ಬೆಳಕಿಲ್ಲ. ಹಗಲಿನಲ್ಲಿ ಕಾಗದದಂತೆಯೇ ಓದಬಹುದು. ಕತ್ತಲಲ್ಲಿ ದೀಪ ಬೇಕು. 2012ರಿಂದ ಈಚೆಗೆ ಅಂಚಿನಲ್ಲಿ ಪುಟ್ಟ ಎಲ್‌ಇಡಿಗಳನ್ನಿಟ್ಟು, ಪಾರದರ್ಶಕ ಪದರವೊಂದರ ಮೂಲಕ ಬೆಳಕನ್ನು ಪುಟದ ಮೇಲೆ ಹರಡುವ ಮಾದರಿಗಳು ಬಂದಿವೆ. ಬೆಳಕು ಹಿಂದಿನಿಂದ ತೂರಿ ಬರುವುದಿಲ್ಲ. ಪುಟದ ಮೇಲೆ ಬಿದ್ದು ಮರಳಿ ಕಣ್ಣಿಗೆ ಬರುತ್ತದೆ.

‘ಹಾಗಾದರೆ ಕಣ್ಣಿಗೂ ನಿದ್ದೆಗೂ ಏನೂ ತೊಂದರೆಯಿಲ್ಲ ಅನ್ನಿ’ ಎಂದರು ತಾಯಿ. ಅಷ್ಟು ಸುಲಭವಾಗಿ ಒಪ್ಪಿಬಿಡಬಾರದು. ಮರಳಿ ಬಂದರೂ ನೇರವಾಗಿ ಬಂದರೂ ಬೆಳಕು ಬೆಳಕೇ. ಲೆಕ್ಕಕ್ಕೆ ಬರುವುದು ಕಣ್ಣಿಗೆ ಎಷ್ಟು ಬಂತು, ಯಾವ ಬಣ್ಣದ್ದು ಬಂತು, ಎಷ್ಟು ಹೊತ್ತು ಬಂತು ಎಂಬುದು. ನಮ್ಮ ಅಕ್ಷಿಪಟಲದಲ್ಲಿ, ನೋಡುವುದಕ್ಕಿಂತ ಹೆಚ್ಚಾಗಿ ಹಗಲೋ ರಾತ್ರಿಯೋ ಎಂದು ಮಿದುಳಿಗೆ ವರದಿ ಮಾಡುವುದೇ ಮುಖ್ಯ ಕೆಲಸವಾಗಿರುವ ಕೆಲವು ಜೀವಕೋಶಗಳಿವೆ. 2002ರಲ್ಲಿ ಇವುಗಳ ಕಾರ್ಯ ಸ್ಪಷ್ಟವಾಯಿತು. 480 ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕಿಗೆ ಇವು ಹೆಚ್ಚು ಸ್ಪಂದಿಸುತ್ತವೆ. ನೀಲಿ ಬೆಳಕು ಬಿದ್ದರೆ ‘ಇನ್ನೂ ಹಗಲು’ ಎಂಬ ಸಂದೇಶ ಹೋಗಿ, ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಬಿಡುಗಡೆ ತಡವಾಗುತ್ತದೆ. ರಾತ್ರಿಯಾಯಿತು ಎಂದು ಮೈಗೆ ತಿಳಿಸುವ ರಾಸಾಯನಿಕ ಅದು.

ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು 2014ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಈ ವಿಷಯದಲ್ಲಿ ಎಲ್ಲರೂ ಉದಾಹರಿಸುತ್ತಾರೆ. 12 ಮಂದಿಗೆ ಐದು ರಾತ್ರಿ ಮಲಗುವ ಮುನ್ನ ನಾಲ್ಕು ಗಂಟೆ ಬೆಳಗುವ ತೆರೆಯಲ್ಲಿ ಓದಿಸಿದರು. ಬೇರೆ ಐದು ರಾತ್ರಿ ಅಚ್ಚಿನ ಪುಸ್ತಕ ಓದಿಸಿದರು. ತೆರೆಯಲ್ಲಿ ಓದಿದಾಗ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು. ಮೆಲಟೋನಿನ್ ಏರಿಕೆ ಒಂದೂವರೆ ಗಂಟೆಯಷ್ಟು ತಡವಾಯಿತು. ಮರುದಿನ ಬೆಳಿಗ್ಗೆ ಮಂಪರೂ ಹೆಚ್ಚು. ಆದರೆ ಒಂದು ಮಾತು ಗಮನಿಸಬೇಕು. ಅವರು ಬಳಸಿದ್ದು ಟ್ಯಾಬ್ಲೆಟ್. ಬೆಳಕು ಪೂರ್ತಿ ಏರಿಸಿಟ್ಟದ್ದು. ಅದರ ಫಲಿತಾಂಶವನ್ನು ಮಂದ ಬೆಳಕಿನ ಇ-ರೀಡರಿಗೆ ಹಾಗೇ ಅನ್ವಯಿಸುವಂತಿಲ್ಲ. ಹಾಗೆಂದು ಇ-ರೀಡರಿನ ದೀಪವನ್ನು ಪೂರ್ತಿ ಏರಿಸಿ ಕತ್ತಲ ಕೋಣೆಯಲ್ಲಿ ಗಂಟೆಗಟ್ಟಲೆ ಓದಿದರೆ ಏನೂ ಆಗದು ಎಂದು ಹೇಳುವಂತೆಯೂ ಇಲ್ಲ. ಅಕ್ಷರ ಕಾಣುವಷ್ಟು ಕನಿಷ್ಠ ಬೆಳಕು, ಹಳದಿಯ ಕಡೆಗೆ ತಿರುಗಿಸಿದ ಬಣ್ಣ: ಇವೆರಡು ಸಾಕು.

ಇನ್ನು ಕಣ್ಣು. ‘ಕತ್ತಲಲ್ಲಿ ಓದಿದರೆ ಕಣ್ಣು ಹೋಗುತ್ತೆ’ ಎಂದು ನಮ್ಮಮ್ಮನೂ ಬುಡ್ಡಿದೀಪದ ಮುಂದೆ ಕೂತ ನನಗೆ ಹೇಳುತ್ತಿದ್ದಳು. ಮಂದ ಬೆಳಕಿನಲ್ಲಿ ಓದಿದರೆ ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ. ಅದರಿಂದಲೇ ಕಣ್ಣು ಶಾಶ್ವತವಾಗಿ ಕೆಡುವುದಿಲ್ಲ. ತೆರೆಗಳ ನೀಲಿ ಬೆಳಕು ಕಣ್ಣನ್ನು ಸುಡುತ್ತದೆ ಎಂಬುದಕ್ಕೂ ಆಧಾರವಿಲ್ಲವೆಂದು ಅಮೆರಿಕದ ನೇತ್ರತಜ್ಞರ ಅಕಾಡೆಮಿ ಹೇಳಿದೆ. ಬೆಳೆಯುವ ಮಕ್ಕಳ ಕಣ್ಣಿಗೆ ನಿಜವಾಗಿ ಬೇಕಾದ್ದು ಪುಸ್ತಕವನ್ನು ಮೂಗಿಗೆ ತಾಗಿಸದೆ ಒಂದಡಿಗೂ ಹೆಚ್ಚು ದೂರದಲ್ಲಿ ಹಿಡಿಯುವುದು, ಆಗಾಗ ಕಣ್ಣು ಮಿಟುಕಿಸುವುದು, ಹಗಲು ಒಂದಷ್ಟು ಹೊತ್ತು ಬಯಲಿನಲ್ಲಿರುವುದು. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವುದು ಕಡಿಮೆ.

ಕೊಳ್ಳುವ ಮುನ್ನ

ಕೊಳ್ಳುವವರು ಮೊದಲು ಕೇಳಬೇಕಾದ್ದು ತೂಕ. ಮಲಗಿ ಓದುವವರಿಗೆ ಇದು ದೊಡ್ಡ ವಿಷಯ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಎದೆಯ ಮೇಲಿಟ್ಟು ಓದಿದವರಿಗೆ ಕೈ ಸೋಲುವುದೆಂದರೆ ಏನೆಂದು ಗೊತ್ತು. ಆರು ಇಂಚಿನ ಕಿಂಡಲ್ 158 ಗ್ರಾಂ ಇದೆ. 2024ರಲ್ಲಿ ಬಂದ ಏಳು ಇಂಚಿನ ಪೇಪರ್‌ವೈಟ್ 211 ಗ್ರಾಂ. ತೂಕಡಿಸಿದಾಗ ಮುಖದ ಮೇಲೆ ಬಿದ್ದರೆ ಆ ವ್ಯತ್ಯಾಸ ತಿಳಿಯುತ್ತದೆ!

ಎರಡನೆಯದು ಬೆಳಕನ್ನು ಎಷ್ಟು ಕೆಳಗೆ ಇಳಿಸಬಹುದು, ಅದರ ಬಣ್ಣವನ್ನು ಹಳದಿಗೆ ತಿರುಗಿಸಬಹುದೇ ಎಂಬುದು. ಅಗ್ಗದ ಮಾದರಿಗಳಲ್ಲಿ ಈ ಎರಡನೆಯ ಸೌಕರ್ಯ ಇರುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಮಲಗಿರುವ ಮನೆಗೆ ಇದು ಮುಖ್ಯ. ಅಂಗಡಿಯ ಝಗಝಗ ದೀಪದ ಕೆಳಗೆ ಇದು ತಿಳಿಯದು. ಯಾರಲ್ಲಾದರೂ ಇದ್ದರೆ ರಾತ್ರಿ ಹೋಗಿ ನೋಡಿ.

ಮೂರನೆಯದು ಅಳತೆ. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಪಠ್ಯಪುಸ್ತಕ, ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಪಿಡಿಎಫ್ ರೂಪದಲ್ಲಿ ಬರುತ್ತವೆ. ಪಿಡಿಎಫ್ ಎಂದರೆ ಪುಟದ ಪಡಿಯಚ್ಚು. ಆರು ಇಂಚಿನ ತೆರೆಯ ಅಗಲ ಸುಮಾರು 9 ಸೆಂಟಿಮೀಟರು. ಎ-4 ಹಾಳೆಯ ಅಗಲ 21. ಅಲ್ಲಿಗೆ 12 ಪಾಯಿಂಟಿನ ಅಕ್ಷರ 5 ಪಾಯಿಂಟಿಗೆ ಇಳಿಯುತ್ತದೆ. ಇರುವೆ ಸಾಲು! ಹತ್ತು ಇಂಚಿನ ತೆರೆಯಾದರೆ ಅದೇ ಅಕ್ಷರ 9 ಪಾಯಿಂಟಿನಷ್ಟು ಉಳಿದು ಓದಲು ಬರುತ್ತದೆ. ಆದರೆ ತೂಕವೂ ಬೆಲೆಯೂ ಏರುತ್ತವೆ, ಹಾಸಿಗೆಗೆ ಒಗ್ಗುವುದಿಲ್ಲ. ಇ-ಪಬ್ ಎಂಬ ರೂಪದ ಪುಸ್ತಕವಾದರೆ ಈ ಕಷ್ಟವಿಲ್ಲ. ಅಕ್ಷರ ದೊಡ್ಡದು ಮಾಡಿದಂತೆ ಸಾಲುಗಳು ತಾವೇ ಮುರಿದು ಹೊಂದಿಕೊಳ್ಳುತ್ತವೆ. ಆದ್ದರಿಂದ ಚಿಕ್ಕ ಇ-ರೀಡರು ಕತೆ ಕಾದಂಬರಿಗೆ ಸರಿ. ಭೌತಶಾಸ್ತ್ರದ ಪಠ್ಯಕ್ಕೆ ಮೇಜು, ಕುರ್ಚಿ, ಅಚ್ಚಿನ ಪುಸ್ತಕವೇ ಸರಿ. ‘ಓದಿಗೆ ಅನುಕೂಲವಾಗುತ್ತೆ’ ಎಂದು ಅಪ್ಪನನ್ನು ಒಪ್ಪಿಸಿ ಕೊಳ್ಳುವ ಮಕ್ಕಳು ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾಲ್ಕನೆಯದು ಮಾಲೀಕತನ. ಕಂಪನಿಯ ಮಳಿಗೆಯಿಂದ ಕೊಂಡ ಇ-ಪುಸ್ತಕ, ಕಪಾಟಿನಲ್ಲಿಟ್ಟ ಪುಸ್ತಕದಂತೆ ನಿಮ್ಮದಲ್ಲ; ಅದು ಓದಲು ಸಿಕ್ಕ ಅನುಮತಿ ಮಾತ್ರ. 2009ರ ಜುಲೈಯಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ ಪ್ರತಿಗಳೆಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಕೃತಿಗಳನ್ನು ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. ಪಾಠಕ್ಕಾಗಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನ ಟಿಪ್ಪಣಿಗಳು ಅದರೊಂದಿಗೆ ಕೆಲಸಕ್ಕೆ ಬಾರದಂತಾದವು. ಕಂಪನಿ ಹಣ ಮರಳಿಸಿತು, ಆಮೇಲೆ ಅದರ ಮುಖ್ಯಸ್ಥರೇ ಕ್ಷಮೆ ಕೇಳಿದರು. ಎಲ್ಲ ಬಿಟ್ಟು ಆ ಪುಸ್ತಕಕ್ಕೇ ಹೀಗಾಯಿತಲ್ಲ ಎಂದು ಲೋಕವೆಲ್ಲ ನಕ್ಕಿತು. ಬೇರೆಡೆ ಕೊಂಡ ಪುಸ್ತಕವನ್ನೂ ಹಾಕಿಕೊಳ್ಳಲು ಬರುತ್ತದೆಯೇ ಎಂದು ಕೇಳಿಯೇ ಯಂತ್ರ ಆರಿಸಿ.

ಕನ್ನಡದ ಪ್ರಶ್ನೆ

ಇಷ್ಟೆಲ್ಲ ಹೇಳಿದೆನಾದರೂ ಮಾತಿನಿಂದ ಜಗಳ ಮುಗಿಯುವಂತಿರಲಿಲ್ಲ. ಒಳ್ಳೆಯದೊಂದಕ್ಕೆ ಹತ್ತು ಸಾವಿರ ರೂಪಾಯಿಗೂ ಮೀರಿ ತೆರಬೇಕು. ಟ್ಯೂಷನ್ ಶುಲ್ಕ ಕಟ್ಟಿ ಕೈ ಬರಿದಾದ ಮನೆಗೆ ಅದು ಸಣ್ಣ ಮೊತ್ತವಲ್ಲ. ‘ಕೊಳ್ಳುವುದು ಆಮೇಲೆ. ನನ್ನದನ್ನು ಹದಿನೈದು ದಿನ ಇಟ್ಟುಕೊಳ್ಳಲಿ. ಷರತ್ತು ಒಂದೇ: ಹತ್ತು ಗಂಟೆಗೆ ಮೊಬೈಲು ಹಾಲಿನಲ್ಲಿ ಚಾರ್ಜಿಗೆ ಹೋಗಬೇಕು. ಅಪ್ಪನದೂ ಕೂಡ’ ಎಂದೆ. ಕೊನೆಯ ಮಾತಿಗೆ ಅಜ್ಜಿ ಮೊದಲ ಬಾರಿ ನಕ್ಕರು.

ವಾರದ ಮೇಲೆ ಹೋಗಿ ವಿಚಾರಿಸಿದೆ. ಬೆಳಕನ್ನು ತೀರ ಕೆಳಕ್ಕಿಳಿಸಿದ್ದರಿಂದ ಅಜ್ಜಿಗೆ ಎಚ್ಚರವಾಗಿರಲಿಲ್ಲ. ಮೆಸೇಜಿನ ಕಾಟ ತಪ್ಪಿತ್ತು. ಎಲ್ಲ ಸರಿಹೋಯಿತೇ ಎಂದರೆ ಹಾಗೂ ಇಲ್ಲ. ಒಂದು ಪತ್ತೇದಾರಿ ಕಾದಂಬರಿ ಬಿಡಲಾಗದೆ ರಾತ್ರಿ ಒಂದೂವರೆವರೆಗೆ ಓದಿ, ಬೆಳಿಗ್ಗೆ ಐದೂವರೆಯ ಟ್ಯೂಷನ್ನಿನಲ್ಲಿ ತೂಕಡಿಸಿ ಬೈಸಿಕೊಂಡಿದ್ದಳು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಹರೆಯಕ್ಕೆ ಬಂದವರ ದೇಹದ ಗಡಿಯಾರವೇ ತುಸು ಹಿಂದೆ ಸರಿಯುತ್ತದೆ. ಬೇಗ ಮಲಗೆಂದರೆ ನಿದ್ದೆ ಬಾರದು. ಅಂಥ ವಯಸ್ಸಿನಲ್ಲಿ ಒಳ್ಳೆಯ ಪುಸ್ತಕವೇ ನಿದ್ದೆಗಳ್ಳನಾಗಬಲ್ಲುದು. ಅದಕ್ಕೆ ಯಂತ್ರದಲ್ಲಿ ಮದ್ದಿಲ್ಲ. ಒಂದು ಅಧ್ಯಾಯಕ್ಕೆ ನಿಲ್ಲಿಸುವುದನ್ನು ತಾನೇ ಕಲಿಯಬೇಕು. ನನ್ನೆದುರಿಗೆ ಅಪ್ಪ ಬೈಯಲಿಲ್ಲ. ‘ಹೋಗಲಿ, ಓದ್ತಾನೇ ಇದ್ದಳಲ್ಲ’ ಎಂದರು.

ಆಗ ಅಜ್ಜಿ ಒಂದು ಮಾತು ಕೇಳಿದರು. ‘ಅಕ್ಷರ ಎಷ್ಟು ಬೇಕಾದ್ರೂ ದೊಡ್ಡದಾಗುತ್ತಂತಲ್ಲ, ನನಗೂ ಕಾಣಿಸೀತು. ನಮ್ಮ ಪುಸ್ತಕ ಇದರಲ್ಲಿ ಇಲ್ವೇನಪ್ಪ?’

ನಾನು ತಡವರಿಸಿದೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಮಳಿಗೆ ಭಾರತೀಯ ಭಾಷೆಗಳಿಗೆ ತೆರೆದುಕೊಂಡಾಗ ಆ ಪಟ್ಟಿಯಲ್ಲಿದ್ದದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳೇ ಇಲ್ಲವೆಂದಲ್ಲ. ಮೈಲ್ಯಾಂಗ್, ವಿವಿಡ್‌ಲಿಪಿಯಂಥ ಕನ್ನಡಿಗರದೇ ಪ್ರಯತ್ನಗಳು ಹೊಸ ಲೇಖಕರ ಪುಸ್ತಕಗಳನ್ನೂ ಮೊಬೈಲಿಗೆ ತಂದಿವೆ. ಆಂಡ್ರಾಯ್ಡ್ ಇರುವ ಇ-ರೀಡರಿನಲ್ಲಿ ಇಂಥ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದು. ಆದರೆ ಅದೇ ಬಾಗಿಲಿನಿಂದ ವಾಟ್ಸ್‌ಆ್ಯಪೂ ಒಳಗೆ ಬರುತ್ತದೆ! ಯಾವುದಕ್ಕಾಗಿ ಮೊಬೈಲು ಹೊರಗಿಟ್ಟೆವೋ ಅದನ್ನೇ ಮತ್ತೆ ಹಾಸಿಗೆಗೆ ಕರೆದಂತೆ. ಕನ್ನಡ ಬೇಕೆನ್ನುವ ಮನೆಯವರು ಈ ಇಕ್ಕಟ್ಟನ್ನು ತಿಳಿದೇ ಆರಿಸಬೇಕು.

ಹಳೆಯ ಪುಸ್ತಕಗಳ ಕತೆ ಇನ್ನೊಂದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ 60 ವರ್ಷದ ಮೇಲೆ ಕೃತಿ ಎಲ್ಲರದಾಗುತ್ತದೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹರಾಯ’, ಗಳಗನಾಥರ ಕಾದಂಬರಿಗಳು ಈಗ ಯಾರಪ್ಪಣೆಯೂ ಇಲ್ಲದೆ ಓದಬಹುದಾದವು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳು ಬಹಳ ಇವೆ. ಆದರೆ ಅವು ಪುಟಗಳ ಫೋಟೋ. ದೊಡ್ಡದು ಮಾಡಿದರೆ ಸಾಲಿನ ಅರ್ಧ ತೆರೆಯಾಚೆ ಹೋಗುತ್ತದೆ. ಅಜ್ಜಿಗೆ ಅದರಿಂದ ಪ್ರಯೋಜನವಿಲ್ಲ.

ಕೊನೆಗೆ ಕನ್ನಡ ವಿಕಿಸೋರ್ಸ್ ನೆನಪಾಯಿತು. ಅಲ್ಲಿ ಸ್ವಯಂಸೇವಕರು ಬೆರಳಚ್ಚು ಮಾಡಿಟ್ಟ ಪಠ್ಯಗಳಿವೆ; ಇ-ಪಬ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಅಜ್ಜಿಯ ತವರು ಗದಗಿನ ಕಡೆ. ಏನು ಇಳಿಸಬೇಕೆಂದು ಕೇಳುವುದೇ ಬೇಡವಾಯಿತು: ಕುಮಾರವ್ಯಾಸ ಭಾರತ. ಮೊದಲು ತೆರೆದಾಗ ಒತ್ತಕ್ಷರಗಳು ಬುಡ ಬಿಟ್ಟು ಪಕ್ಕಕ್ಕೆ ನಿಂತಿದ್ದವು. ಹುಡುಗಿಯೇ ಕೂತು ಬೇರೆ ಫಾಂಟ್ ಹಾಕಿ ಸರಿಪಡಿಸಿದಳು. (ನೀವೂ ಕೊಳ್ಳುವ ಮುನ್ನ ‘ರಾಷ್ಟ್ರ’, ‘ಸೂರ್ಯ’, ‘ಶಾಸ್ತ್ರ’ ಎಂಬ ಪದಗಳಿರುವ ಕನ್ನಡ ಪುಟವೊಂದನ್ನು ಯಂತ್ರದಲ್ಲಿ ತೆರೆದು ನೋಡಿ, ಕನ್ನಡ ಬರುತ್ತದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.)

ಅಜ್ಜಿ ಎರಡು ಪದ್ಯ ಓದಿದರು. ಕಣ್ಣು ಸೋತಿತು. ‘ನೀನೇ ಓದೇ’ ಎಂದು ಮೊಮ್ಮಗಳ ಕೈಗೆ ಕೊಟ್ಟರು. ಹುಡುಗಿ ಪದ ಎಲ್ಲಿ ಒಡೆಯಬೇಕೆಂದು ತಿಳಿಯದೆ ತೊದಲಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡೇ ತಿದ್ದಿದರು. ಚಿಕ್ಕಂದಿನಲ್ಲಿ ಗುಡಿಯ ಜಗುಲಿಯಲ್ಲಿ ಗಮಕ ಕೇಳಿ ಕಲಿತದ್ದಂತೆ; ಆ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಪಾಲಕರಿಗೆ ನನ್ನ ಸಲಹೆ ಇಷ್ಟೆ. ಮಕ್ಕಳು ದಿನವಿಡೀ ಅಂಕಕ್ಕಾಗಿ ಓದುತ್ತಾರೆ. ಮಲಗುವ ಮುಂಚಿನ ಅರ್ಧ ಗಂಟೆ ಅವರಿಷ್ಟದ್ದು ಓದಲಿ, ಅದಕ್ಕೆ ಲೆಕ್ಕ ಕೇಳಬೇಡಿ. ಅದಕ್ಕೆ ಯಂತ್ರವೇ ಬೇಕೆಂದೂ ಇಲ್ಲ. ಮಗುವಿಗೆ ಬೇರೆ ಕೋಣೆಯಿದ್ದರೆ ಹಳದಿ ಬಲ್ಬಿನ ಪುಟ್ಟ ದೀಪ, ಸಾರ್ವಜನಿಕ ಗ್ರಂಥಾಲಯದ ಒಂದು ಕಾರ್ಡು ಸಾಕು. ದೀಪ ಹಾಕಲಾಗದ ಮನೆ, ಹಾಸ್ಟೆಲ್ಲು, ಅಕ್ಷರ ದೊಡ್ಡದಾಗಿ ಬೇಕಾದ ಕಣ್ಣು: ಇಂಥಲ್ಲಿ ಇ-ರೀಡರು ನಿಜಕ್ಕೂ ಉಪಕಾರಿ. ಕೊಳ್ಳುವ ಮುನ್ನ ಯಾರಿಂದಲಾದರೂ ಎರವಲು ತಂದು ಹದಿನೈದು ದಿನ ನೋಡಿ. ಮೊಬೈಲು ಹಾಲಿನಲ್ಲಿ ಉಳಿಯದಿದ್ದರೆ ಯಾವ ಯಂತ್ರ ತಂದೂ ಉಪಯೋಗವಿಲ್ಲ.

ಅವರು ಕೊಂಡರೇ ಎಂದು ಕೇಳುತ್ತೀರಾ? ಪರೀಕ್ಷೆ ಮುಗಿಯಲಿ ಎಂದಿದ್ದಾರೆ ಅಪ್ಪ. ಹದಿನೈದು ದಿನಕ್ಕೆಂದು ಕೊಟ್ಟ ನನ್ನ ಯಂತ್ರ ಎರಡು ತಿಂಗಳಾದರೂ ಮರಳಿಲ್ಲ. ಮೊನ್ನೆ ಹಾಲಿನ ಬೂತಿನಲ್ಲಿ ತಾಯಿ ಸಂಕೋಚದಿಂದ, ‘ಕೊಡೋಣ ಅಂದ್ರೆ ನಮ್ಮತ್ತೆ ಬಿಡ್ತಿಲ್ಲ ಮೇಷ್ಟ್ರೇ. ಇನ್ನೂ ವಿರಾಟಪರ್ವ ಅಂತೆ’ ಎಂದರು. ಯುದ್ಧ ಮುಗಿಯುವವರೆಗೂ ಇರಲಿ ಎಂದು ಹೇಳಿ ಬಂದೆ.